ತುಳಸಿಕಟ್ಟೆಯ ಹಿಂದಿನ ದೋಣಿ

ಜಾನಕೀಬಾಯಿ ಚಹಾದ ಬಟ್ಟಲನ್ನು ಅಂಗಳದ ದೋಣಿಯ ಅಂಚಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಆರಿ ಹೋಗ್ತದ. ಮೊದಲ ಕುಡೀರಿ, ಆಮ್ಯಾಲ ಸಂಜೀತನಕಾ ತಿಕ್ಕೋತ ಕುಂದರ್ರಿ" ಎಂದರು.

ಉತ್ತರ ಬರಲಿಲ್ಲ. ಅದೇನೂ ಹೊಸದಲ್ಲ. ಪಾಲಿಶ್ ಪೇಪರ್ ಕೈಗೆ ಬಂತೆಂದರೆ ಅಣ್ಣಾಜಿ ಮಾಸ್ತರರಿಗೆ ಕಿವಿ ಕೇಳಿಸುತ್ತಿರಲಿಲ್ಲ.

"ನಿನ್ನೆನೂ ಹಿಂಗಽ ಆರಿಸಿ, ಮತ್ತ ಕಾಸಿಕೊಡು ಅಂದ್ರಿ. ಇವತ್ತ ಕಾಸಂಗಿಲ್ಲ ನಾ" ಎನ್ನುತ್ತ ಜಾನಕೀಬಾಯಿ ದೋಣಿಯೊಳಗೆ ಬಗ್ಗಿ ನೋಡಿದರು.

ಮಾಸ್ತರರು ದೋಣಿಯ ತಳದಲ್ಲಿ ಗೋಣಿತಟ್ಟು ಹಾಸಿಕೊಂಡು, ನಡುವಿನ ಹಲಗೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ಅಂಚು ನೇರವಾಗಿದೆಯೋ ಇಲ್ಲವೋ ಎಂದು ನೋಡುವಾಗ ಅವರು ಹಾಗೆಯೇ ಮಾಡುತ್ತಿದ್ದರು. ಹಾಗೆಂದೇ ಜಾನಕೀಬಾಯಿ ಸ್ವಲ್ಪ ಹೊತ್ತು ಕಾದರು. ಒಂದು ನೊಣ ಬಂದು ಮಾಸ್ತರರ ತುಟಿಯ ಮೇಲೆ ಕೂತಿತು. ಅವರು ಅದನ್ನು ಓಡಿಸಲಿಲ್ಲ.

ಜಾನಕೀಬಾಯಿ ಕೂಗಲಿಲ್ಲ. ಮೊದಲು ಬಟ್ಟಲನ್ನು ಅಂಚಿನಿಂದ ತೆಗೆದು, ಚೆಲ್ಲದಂತೆ ನೆಲಕ್ಕಿಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ, "ಮೈಲವ್ವಾ, ಸ್ವಲ್ಪ ಬಾರವ್ವಾ" ಎಂದರು.

ಬಾಜೂ ಮನೆಯ ಮೈಲವ್ವ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ. ಬೆರಳಿಗೆ ಸುತ್ತಿಕೊಂಡ ದಾರದೊಡನೆಯೇ ಬಂದಳು, ದೋಣಿಯೊಳಗೆ ನೋಡಿದಳು. "ಅಯ್ಯಽ ಮೈಲಾರಲಿಂಗಾ" ಎಂದು ಕೂತುಬಿಟ್ಟಳು. ಮತ್ತೆ ತಾನೇ ಎದ್ದು ಓಡಿ ಓಣಿಯ ಮೂಲೆಯ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ಶಮಶೇರಸಾಬರನ್ನು ಕರೆತಂದಳು.

ಶಮಶೇರಸಾಬರು ಮಾಸ್ತರರ ಗೆಳೆಯರು. ಅವರ ಗಡ್ಡಕ್ಕೆ ಕರಿ ಎಣ್ಣೆ ಹತ್ತಿತ್ತು. ದೋಣಿಯೊಳಗೆ ಇಳಿದು ಮಾಸ್ತರರ ಮೂಗಿನ ಕೆಳಗೆ ಬೆರಳು ಹಿಡಿದರು, ಮಣಿಕಟ್ಟು ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ವೈನಿ, ಮಾಸ್ತರ ಹೋಗ್ಯಾರ" ಎಂದರು ಕಡೆಗೆ.

ಓಣಿಯ ಗಂಡಸರು ಬಂದು ಮಾಸ್ತರರನ್ನು ದೋಣಿಯಿಂದ ಎತ್ತಿ ಪಡಸಾಲೆಯಲ್ಲಿ ಮಲಗಿಸಿದರು. ಪಾಲಿಶ್ ಪೇಪರ್ ಮಾತ್ರ ಬೆರಳಿನಿಂದ ಬಿಡಿಸಲು ಬರಲಿಲ್ಲ. "ಇರಲಿ ಬಿಡ್ರಿ, ಈಗ ಯಾಕ ಅವಸರ" ಎಂದರು ಜಾನಕೀಬಾಯಿ.

*

ದೋಣಿ ಆ ಮನೆಗೆ ಬಂದದ್ದು ಗೋಡೆ ಬಿದ್ದ ವರ್ಷ.

ಅಣ್ಣಾಜಿಯವರು ಗುತ್ತಲದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಹೊಳೆಯಲ್ಲೊಂದು ದೋಣಿ. ಊರಿನ ಮಕ್ಕಳಿಗೆಲ್ಲ ಅವರು ಕಲಿಸಿದ ಚಿತ್ರ ಅದು. ಆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳೂ ಅದೇ ಚಿತ್ರ ಬರೆದರು. ತುಂಗಭದ್ರೆ ಊರಿಗೆ ದೂರವೇನಲ್ಲ. ಆದರೆ ಮಾಸ್ತರರು ಹೊಳೆಗೆ ಹೋದರೆ ಮೆಟ್ಟಿಲ ಮೇಲೆ ಕುಳಿತು ಚೊಂಬಿನಿಂದ ಸ್ನಾನ ಮಾಡುವವರು. ಅವರಿಗೆ ಈಜು ಬರುತ್ತಿರಲಿಲ್ಲ.

ಅಣ್ಣನ ಮಗ ವಿಕ್ರಮನದು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ಅಲ್ಲಿಗೆ ಹೋದಾಗ ಹಿಂದಿನ ಗುಜರಿಯಲ್ಲಿ ಅವರು ಆ ದೋಣಿಯನ್ನು ಕಂಡರು. ಎಲ್ಲಿಯದೋ ಕೆರೆಯಲ್ಲಿ ಮಂದಿಯನ್ನು ಸುತ್ತಿಸುತ್ತಿದ್ದ ಸಣ್ಣ ಮೋಟಾರು ದೋಣಿ. ಫೈಬರಿನ ಮೈ ಸೀಳಿತ್ತು, ಎಂಜಿನ್ನು ತುಕ್ಕು ಹಿಡಿದು ಮುದ್ದೆಯಾಗಿತ್ತು, ಒಳಗೊಂದು ಕೋಳಿ ಕಾವು ಕೂತಿತ್ತು. ಗುಜರಿಯವನು ಕೋಳಿಯನ್ನು ಓಡಿಸಲು ಹೋದಾಗ ಮಾಸ್ತರರು, "ಬ್ಯಾಡ, ಬ್ಯಾಡ. ಮರಿ ಆಗಲಿ. ಆಮ್ಯಾಲ ಒಯ್ತೇನಿ" ಎಂದರಂತೆ.

ಮರಿಗಳಾಗುವ ಹೊತ್ತಿಗೆ ಮಳೆಗಾಲ ಬಂದು ಮನೆಯ ಮುಂದಿನ ಆವಾರದ ಗೋಡೆ ಕುಸಿದಿತ್ತು. ಆ ಸಂದಿನಿಂದಲೇ ಶಮಶೇರಸಾಬರ ಟ್ರ್ಯಾಕ್ಟರಿನ ಟ್ರೇಲರು ಅಂಗಳಕ್ಕೆ ಬಂದಿತು.

"ಇದೇನ್ರೀ ಇದು?" ಎಂದರು ಜಾನಕೀಬಾಯಿ.

"ದೋಣಿ."

"ಅದು ಕಾಣಸ್ತದ. ನಮ್ಮ ಅಂಗಳದಾಗ ಯಾವ ಹೊಳಿ ಹರೀತದ ಅಂತ ಕೇಳಿದೆ."

ಮಾಸ್ತರರು ನಕ್ಕರು. ಅಂದಿನಿಂದ ಮನೆಯ ವಸ್ತುಗಳು ಒಂದೊಂದಾಗಿ ದೋಣಿಗೆ ಸೇರತೊಡಗಿದವು. ಹೊಸದನ್ನು ಕೊಳ್ಳುವ ಪೈಕಿ ಅವರಲ್ಲ. ಪೆನ್ಶನ್ನಿನಲ್ಲಿ ಅದು ಸಾಧ್ಯವೂ ಇರಲಿಲ್ಲ. ನೀರಿನ ಟಾಕಿಗೆ ತೇಪೆ ಹಾಕುವವನನ್ನು ಹಿಡಿದು ಫೈಬರ್ ಬಟ್ಟೆ ಅಂಟಿಸುವುದನ್ನು ಕಲಿತರು. ಅಂಟನ್ನು ಹುಳಿಯ ಪಾತ್ರೆಯಲ್ಲಿ ಕಲಸಿದರು. ಅದು ಬುರುಬುರು ಹೊಗೆಯಾಡಿ ಪಾತ್ರೆಯಲ್ಲೇ ಕಲ್ಲಾಯಿತು. ಎಂಜಿನ್ ಕೂರಿಸಲು ಗಟ್ಟಿ ಹಲಗೆ ಬೇಕಾಯಿತು. ಒಂದು ದಿನ ಜಾನಕೀಬಾಯಿ ಅಡಿಗೆಮನೆಗೆ ಹೋದಾಗ ಉಪ್ಪಿನಕಾಯಿಯ ಭರಣಿಗಳೆಲ್ಲ ನೆಲದ ಮೇಲೆ ಸಾಲಾಗಿ ಕುಳಿತಿದ್ದವು; ಅಟ್ಟದ ಸಾಗವಾನಿ ಹಲಗೆ ಇರಲಿಲ್ಲ. ಬಣ್ಣವೂ ಹಾಗೆಯೇ. ಮೈಲವ್ವನ ಬಾಗಿಲಿಗೆ ಹಚ್ಚಿ ಉಳಿದ ನೀಲಿ, ದರ್ಗಾದ ಕಟಾಂಜನಕ್ಕೆ ಹಚ್ಚಿ ಉಳಿದ ಹಸಿರು. ಓಣಿಯವರು "ಹುಚ್ಚ ಮಾಸ್ತರ" ಎಂದು ನಗುತ್ತಲೇ ಡಬ್ಬಿಗಳನ್ನು ತಂದುಕೊಟ್ಟರು.

ದೀಪಾವಳಿಗೆ ಮೊದಲು ಗೋಡೆಯನ್ನು ತಿರುಗಿ ಕಟ್ಟಿಸಬೇಕಾಯಿತು. ಹಿತ್ತಲಿನ ತುಳಸಿಕಟ್ಟೆ ಬಿರುಕು ಬಿಟ್ಟಿದೆ, ಹೊಸದು ಕಟ್ಟಿಸಬೇಕು ಎಂದು ಜಾನಕೀಬಾಯಿ ಅದೇ ಗೌಂಡಿಗೆ ಹೇಳಿದರು. ಜಾಗವನ್ನೂ ತಾವೇ ತೋರಿಸಿದರು. ದೋಣಿ ಒಳಬಂದ ಸಂದಿಗೆ ಸರಿಯಾಗಿ, ಹೊಸ ಗೋಡೆಗೆ ಹತ್ತಿ.

"ಇಲ್ಲೇ ಯಾಕ್ರೀ ಅವ್ವಾರ? ನಾಳೆ ದೋಣಿ ಹೊರಗ ತೆಗಿಯೂದು ಹೆಂಗ?" ಎಂದ ಗೌಂಡಿ.

"ಪೂರ್ವಕ್ಕ ಮುಖ ಬರ್ತದ. ಇಲ್ಲೇ ಕಟ್ಟು."

ಮಾಸ್ತರರು ಹೊರಬಂದು ಕಟ್ಟೆಯನ್ನು ನೋಡಿದರು, ಗೇಟನ್ನು ನೋಡಿದರು, ದೋಣಿಯನ್ನು ನೋಡಿದರು. ಗೌಂಡಿಯಿಂದ ಒಂದು ಮುಷ್ಟಿ ಸಿಮೆಂಟು ಇಸಿದುಕೊಂಡು ಕಟ್ಟೆಯ ಮುಖಕ್ಕೆ ದೀಪದ ಗೂಡನ್ನು ತಮ್ಮ ಬೆರಳಿನಿಂದಲೇ ತೀಡಿದರು. ಎರಡೂ ಬದಿಗೆ ಶಂಖ, ಚಕ್ರ ಬರೆದರು. "ಛಂದ ಆತು ನೋಡು" ಎಂದರು.

*

ಮಧ್ಯಾಹ್ನದ ಹೊತ್ತಿಗೆ ಹಾವೇರಿಯಿಂದ ಮಗಳು ನಂದಿತಾ ಬಂದಳು. ಅಲ್ಲಿ ಅವಳು ವಕೀಲಿ ಮಾಡುತ್ತಾಳೆ. ರಾಣೇಬೆನ್ನೂರಿನಿಂದ ವಿಕ್ರಮ ಬಂದ. ಮಾಸ್ತರರಿಗೆ ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಇಡಬೇಕಾದವನು ಅವನೇ. ಗುಂಡಾಚಾರ್ಯರು ದರ್ಭೆಯ ಕಟ್ಟು ಹಿಡಿದು ಬಂದರು. ಹಳೆಯ ವಿದ್ಯಾರ್ಥಿಗಳು ಬಂದು ಓಣಿಯಲ್ಲೇ ನಿಂತರು, ಏಕೆಂದರೆ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಂಗಳದ ತುಂಬ ದೋಣಿ.

"ಮಾಸ್ತರು ನನಗ ದೋಣಿ ಬರಿಯಾಕ ಕಲಿಸಿದ್ರು. ನಂದು ಯಾವಾಗಲೂ ಚಪ್ಪಲಿ ಆಗತಿತ್ತು" ಎಂದ ಒಬ್ಬ. ಅವನೀಗ ಬಸ್ಸಿನ ಕಂಡಕ್ಟರು.

"ಅದಕ್ಕಽ ನಿನಗ ಮಾರ್ಕ್ಸ್ ಕೊಟ್ಟಿದ್ರು ತಗೋ. ಒಂದು ಚಪ್ಪಲಿ ಛಲೋ ತಗದೀ, ಇನ್ನೊಂದು ತಗಿ ಅಂದಿದ್ರು" ಎಂದ ಇನ್ನೊಬ್ಬ.

ಕಂಡಕ್ಟರು ನಗಲು ಹೋಗಿ ಮುಖ ಆಚೆ ತಿರುಗಿಸಿಕೊಂಡ.

ಕಷ್ಟ ಎದ್ದದ್ದು ಚಟ್ಟ ಕಟ್ಟುವಾಗ. ಬಾಗಿಲಿಗೂ ಗೇಟಿಗೂ ನಡುವೆ ದೋಣಿ ಕುಳಿತಿತ್ತು. ಅದರ ಮಗ್ಗುಲಲ್ಲಿ ಉಳಿದದ್ದು ಒಬ್ಬ ಮನುಷ್ಯ ಅಡ್ಡ ತಿರುಗಿ ನಡೆಯುವಷ್ಟು ದಾರಿ. ಮನೆಯವರಿಬ್ಬರೂ ಅಷ್ಟರಲ್ಲೇ ಓಡಾಡಿ ರೂಢಿಯಾಗಿತ್ತು. ನಾಲ್ವರು ಹೆಗಲು ಕೊಟ್ಟು ಹೊರುವ ಚಟ್ಟ ಅಲ್ಲಿ ಹಾಯುವಂತಿರಲಿಲ್ಲ.

"ಹಿತ್ತಲ ಬಾಗಲಿಂದ ಒಯ್ದ್ರ?" ಎಂದ ಯಾರೋ.

"ಹಿತ್ತಲ ಬಾಗಲಿಂದ?" ಮೈಲವ್ವ ಸೊಂಟದ ಮೇಲೆ ಕೈಯಿಟ್ಟಳು. "ಮಾಸ್ತರೇನು ಕಳವು ಮಾಡಿ ಹೊಂಟಾರೇನು? ತಲಿಬಾಗಲಿಂದ ಬಂದವರು ತಲಿಬಾಗಲಿಂದನಽ ಹೋಗಬೇಕು."

ಆಚಾರ್ಯರೂ ತಲೆಯಾಡಿಸಿದರು.

ವಿಕ್ರಮ ದೋಣಿಯ ಸುತ್ತ ನೋಡಿದ. ತುಳಸಿಕಟ್ಟೆ, ಗೋಡೆ, ಗೇಟು. ಯಾವ ಕಡೆಯೂ ಅದು ಸರಿಯುವಂತಿರಲಿಲ್ಲ. "ಇದನ್ನ ಕತ್ತರಿಸೂದಽ. ಬ್ಯಾರೆ ದಾರಿ ಇಲ್ಲ. ಹೊತ್ತು ಮುಳುಗೂದರೊಳಗ ಎಲ್ಲಾ ಆಗಬೇಕು" ಎಂದ. ವೆಲ್ಡಿಂಗ್ ಅಂಗಡಿಯಿಂದ ಕಟಿಂಗ್ ಮಷಿನ್ನು ತರಿಸಿದ.

ಪಡಸಾಲೆಯಲ್ಲಿ ಗಂಡನ ತಲೆಯ ಬಳಿ ಕುಳಿತಿದ್ದ ಜಾನಕೀಬಾಯಿಗೆ ಇದೆಲ್ಲ ಕೇಳುತ್ತಿತ್ತು. ಅವರು ಮಾಸ್ತರರ ಬೆರಳುಗಳನ್ನು ಒಂದೊಂದಾಗಿ ನೇವರಿಸುತ್ತಿದ್ದರು. ಪಾಲಿಶ್ ಪೇಪರ್ ತಾನಾಗಿ ಸಡಿಲಿ ಕೈಗೆ ಬಂದಿತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಏಳಬೇಕೆನ್ನಿಸಿತು. ಎದ್ದು ಏನೆಂದು ಹೇಳುವುದು? ದೋಣಿಯನ್ನು ಇಷ್ಟು ವರ್ಷ ಬೈದವರು ಅವರೇ. ಅದರ ದಾರಿಗೆ ಬೀಗ ಹಾಕಿದವರೂ ಅವರೇ.

*

ಆ ದೋಣಿಗೊಂದು ಹೊದಿಕೆ ಇತ್ತು. ಅದರ ಕತೆ ಇಡೀ ಓಣಿಗೆ ಗೊತ್ತು.

ಬಿಸಿಲಿಗೆ ಫೈಬರು ಬಿರಿಯುತ್ತದೆಂದು ಮಾಸ್ತರರಿಗೆ ಚಿಂತೆಯಾಗಿತ್ತು. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಖಾಲಿ ಮೆಣಸಿನಕಾಯಿ ಚೀಲಗಳು ಅಗ್ಗಕ್ಕೆ ಸಿಕ್ಕವು. ತಂದು, ಒಂದಕ್ಕೊಂದು ಹೊಲಿದು ದೊಡ್ಡ ಹೊದಿಕೆ ಮಾಡಿದರು. ಹೊಲಿಯುವ ಮುಂಚೆ ಪುಡಿ ಹೋಗಲೆಂದು ಅಂಗಳದಲ್ಲಿ ನಿಂತು ಕೋಲಿನಿಂದ ಬಡಿದರು. ಅಂದು ಗಾಳಿಯೂ ಜೋರಾಗಿತ್ತು.

ಅದೇ ಹೊತ್ತಿಗೆ ಮೈಲವ್ವ ಮಗನಿಗೆ ಹೆಣ್ಣು ನೋಡಲು ಹಲಗೇರಿಗೆ ಹೊರಟಿದ್ದಳು. ಹೊಸ್ತಿಲು ದಾಟಿದೊಡನೆ ಅವಳ ತಮ್ಮ ಸೀನಿದ. ಸೀನಿದರೆ ಹೊರಡಬಾರದು, ಎಲ್ಲರೂ ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಎದ್ದರು. ಈ ಸಲ ಹುಡುಗನೇ ಸೀನಿದ. ಮತ್ತೆ ಕೂತರು. ಆಮೇಲೆ ಮೈಲವ್ವ ಸೀನಿದಳು. ಹೀಗೆ ಕೂತು, ಎದ್ದು, ನೀರು ಕುಡಿದು ಕುಡಿದು ಬಸ್ಸು ಹೋಯಿತು, ಆ ಸಂಬಂಧವೂ ಹೋಯಿತು. ಸಂಜೆಗೆ ಗೋಡೆಯಾಚೆಯಿಂದ ಮೈಲವ್ವನ ಬೈಗುಳ ಕೇಳಿಸಿತು. ಮಾಸ್ತರರು ಹೋಗಿ ಕೈಮುಗಿದು ಬಂದರು. ಮರುವರ್ಷ ಬೇರೆ ಸೊಸೆ ಬಂದಳು. ತಾಯಿಗಿಂತ ಹೆಚ್ಚಾಗಿ ಅತ್ತೆಯನ್ನು ನೋಡಿಕೊಂಡಳು. "ನಿಮ್ಮ ಮೆಣಸಿನಕಾಯಿ ಪುಡಿ ನನ್ನ ಮನಿ ಉಳಿಸ್ತ್ರಿ ಮಾಸ್ತರ" ಎಂದು ಮೈಲವ್ವ ಆಗಾಗ ಹೇಳುತ್ತಿದ್ದಳು.

*

ವಿಕ್ರಮ ಮಷಿನ್ನಿಗೆ ವಾಯರು ಜೋಡಿಸಿ, ದೋಣಿಯ ಒಂದು ತುದಿಗೆ ಸರಿಸಿಟ್ಟಿದ್ದ ಚೀಲದ ಹೊದಿಕೆಯನ್ನು ಒಂದೇ ಏಟಿಗೆ ಎಳೆದ. ಎಷ್ಟೋ ದಿನದ ಧೂಳು, ಅದರೊಳಗಿನ ಕೆಂಪು ಪುಡಿ, ಎಲ್ಲ ಒಮ್ಮೆಗೇ ಎದ್ದವು.

ಕಂಡಕ್ಟರು ಸೀನಿದ.

"ತಡೀ, ತಡೀ!" ಗುಂಡಾಚಾರ್ಯರು ಕೈ ಎತ್ತಿದರು. "ಸೀನು ಆತು. ಕೆಳಗಿಡು ಅದನ್ನ."

"ಆಚಾರ್ರ, ಮೆಣಸಿನಕಾಯಿ ಚೀಲರೀ ಅವು. ಸೀನು ಬರದಽ ಇನ್ನೇನು ಬರ್ತದ?"

"ಕಾರಣ ಯಾವುದರೆ ಇರವಲ್ದ್ಯಾಕ, ಸೀನು ಸೀನಽ. ಕೂಡು. ನೀರು ಕುಡಿ."

ವಿಕ್ರಮ ಕೂತ. ನೀರು ಕುಡಿದ. ಎದ್ದು ಮಷಿನ್ನಿಗೆ ಕೈ ಹಾಕುವಷ್ಟರಲ್ಲಿ ಗೇಟಿನ ಬಳಿ ಇಬ್ಬರು ಸೀನಿದರು. ಮತ್ತೆ ಕೂತ. ಮೂರನೆಯ ಸಲ ಎದ್ದಾಗ ಎಲ್ಲರೂ ಮೂಗು ಹಿಡಿದುಕೊಂಡು ನಿಂತಿದ್ದರು. ಆಗ ಗುಂಡಾಚಾರ್ಯರೇ, ದರ್ಭೆ ಹಿಡಿದ ಕೈ ಮುಖಕ್ಕೆ ಅಡ್ಡ ತರುವ ಮೊದಲೇ, ದೊಡ್ಡದಾಗಿ ಸೀನಿಬಿಟ್ಟರು.

ನಂದಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯದೆ ಅವಳ ಹೆಗಲು ಕುಲುಕಿತು, ಕುಲುಕುತ್ತಲೇ ಅದು ಅಳುವಾಯಿತು. "ಅಪ್ಪಾ... ಅಪ್ಪಾ ಇದನ್ನ ನೋಡಬೇಕಾಗಿತ್ತು" ಎಂದಳು.

ಓಣಿಯ ತುಂಬ ನಿಂತವರ ಕಣ್ಣಲ್ಲೆಲ್ಲ ನೀರು ಸುರಿಯುತ್ತಿತ್ತು. ಯಾರದು ಮೆಣಸಿನ ಪುಡಿಯ ನೀರು, ಯಾರದು ಅಲ್ಲ ಎಂದು ಹೇಳಲು ಬರುವಂತಿರಲಿಲ್ಲ.

ಜಾನಕೀಬಾಯಿ ಎದ್ದು ಹೊಸ್ತಿಲಿಗೆ ಬಂದರು.

"ವಿಕ್ರಮಾ, ಅದನ್ನ ಬಿಡಪಾ."

"ಕಾಕೂ, ಮತ್ತ ಕಾಕಾನ್ನ ಹೊರಗ ಹೆಂಗ..."

"ತುಳಸಿಕಟ್ಟಿ ಒಡೀರಿ. ದೋಣಿ ಹೊರಗ ಬರ್ತದ."

ನಂದಿತಾ ಹತ್ತಿರ ಬಂದು ತಾಯಿಯ ಕೈ ಹಿಡಿದಳು. "ಅವ್ವಾ, ಏನ್ ಮಾತಾಡ್ಲಿಕ್ಕೆ ಹತ್ತೀ? ಇವತ್ತಿನಂಥಾ ದಿವಸ ತುಳಸಿ ಕೀಳಸ್ತಾರೇನು? ನೀನು ಅದಕ್ಕ ನೀರು ಹಾಕದಽ ಬಾಯಾಗ ಅನ್ನ ಹಾಕ್ಕೊಂಡಾಕಿ ಅಲ್ಲ."

"ಖರೇ. ಆದ್ರ ಅಲ್ಲಿ ಆ ಕಟ್ಟಿ ದೇವರಿಗಂತ ಕಟ್ಟಸಲಿಲ್ಲ ನಾನು." ಜಾನಕೀಬಾಯಿಯ ದನಿ ಸಣ್ಣದಾಗಿತ್ತು, ಆದರೂ ಓಣಿಯವರೆಗೆ ಕೇಳಿಸಿತು. "ಇವರಿಗೆ ಈಜು ಬರಂಗಿಲ್ಲ. ದೋಣಿ ಹೊಳಿಗೆ ಹೋದ್ರ ಇವರೂ ಹೋಗ್ತಾರ. ಹೊಳಿ ಇವರನ್ನ ಹೊಳ್ಳಿ ಕಳಸ್ತದೋ ಇಲ್ಲೋ ಅಂತ ಅಂಜಿ, ತುಳಸವ್ವನ್ನ ದಾರಿಗೆ ಅಡ್ಡ ನಿಲ್ಲಿಸಿದೆ. ಅಕಿನೂ ಪಾಪ, ಇಷ್ಟು ದಿವಸ ನಿಂತ್ಳು. ಈಗ ಇವರು ಹೊಂಟಽ ಬಿಟ್ಟಾರ. ಇನ್ನ ಯಾರನ್ನ ತಡೀಲಿ?"

ಶಮಶೇರಸಾಬರು ದೋಣಿಯ ಹಿಂಬದಿಯಲ್ಲಿ ಎಂಜಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಮಾಸ್ತರಿಗೆ ಗೊತ್ತಿತ್ತು, ವೈನಿ" ಎಂದರು.

"ಏನು?"

"ಕಟ್ಟಿ ಯಾಕ ಕಟ್ಟಿಸೀರಿ ಅಂತ. ನಾನಽ ಒಮ್ಮೆ ಸಿಟ್ಟಿಗೆದ್ದು ಕೇಳಿದೆ, ಹೊರಗ ಬರದಿರೋ ದೋಣಿಗೆ ನನ್ನ ಕಡಿಂದ ಯಾಕ ಎಂಜಿನ್ ಮಾಡಸ್ತೀರಿ ಅಂತ. ಅದಕ್ಕ ಅವರು, 'ಅಕಿ ಅಂಜ್ಯಾಳೋ ಶಮಶೇರ. ಅಂಜಿದವರಿಗೆ ಒತ್ತಾಯ ಮಾಡಬಾರದು. ಅಂಗಳದಾಗ ಇದ್ರೂ ದೋಣಿ ದೋಣಿನಽ' ಅಂದ್ರು."

ಜಾನಕೀಬಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ ಗುಂಡಾಚಾರ್ಯರ ಕಡೆ ನೋಡಿದರು.

"ಆಚಾರ್ರ, ನೀವು ಹೇಳ್ರಿ. ತಪ್ಪಾಗ್ತದೇನು?"

ಆಚಾರ್ಯರು ಮೂಗು ಒರೆಸಿಕೊಂಡರು. "ಸೂತಕದಾಗ ಮನಿಯವರು ತುಳಸಿ ಮುಟ್ಟಂಗಿಲ್ಲ. ಹೊರಗಿನವರು ಯಾರರೆ ಶುದ್ಧಾಗಿ ಬಂದು, ಬೇರು ಹರೀದಂಗ ಎತ್ತಿ, ತಮ್ಮ ಮನಿಯಾಗ ಊರಲಿ. ಸಸಿ ಬಾಳಿದ್ರ ತಪ್ಪೆಲ್ಲಿ ಬಂತು? ಮಣ್ಣು ಬದಲಾತು ಅಷ್ಟಽ."

"ನಾ ಹೋಗಿ ನೀರು ಹಾಕ್ಕೊಂಡು ಬಂದೆ" ಎಂದು ಮೈಲವ್ವ ಆಗಲೇ ಗೇಟು ದಾಟಿದ್ದಳು.

ಉಟ್ಟ ಸೀರೆಯಲ್ಲೇ ನಲ್ಲಿಯ ಕೆಳಗೆ ಕುಳಿತು ಬಂದ ಅವಳು ತುಳಸಿಕಟ್ಟೆಗೆ ಕೈಮುಗಿದು, "ಬಾರವ್ವಾ, ನನ್ನ ಮನಿಗೆ ಬಾ, ನಾನೂ ನಿನಗ ನೀರು ಹಾಕತೇನಿ" ಎಂದು ಕೈಯಿಂದಲೇ ಮಣ್ಣು ಬಿಡಿಸಿದಳು. ಬೇರು ಆಳಕ್ಕೆ ಹೋಗಿತ್ತು. ಮಗುವನ್ನು ಎತ್ತುವಂತೆ ಮಣ್ಣಿನ ಹೆಂಟೆಯನ್ನು ಕೆಳಗಿನಿಂದ ಹಿಡಿದು ಎತ್ತಿದಳು. ಅವಳ ತೊಯ್ದ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಬಂದವರೆಲ್ಲ ದಾರಿ ಬಿಟ್ಟರು. ಜಾನಕೀಬಾಯಿ ಹೊಸ್ತಿಲಲ್ಲೇ ನಿಂತು, ಮುಟ್ಟದೆ, ದೂರದಿಂದ ಕೈಮುಗಿದರು.

ಆಮೇಲೆ ಹಾರೆಗಳು ಬಂದವು. ಹಳೆಯ ವಿದ್ಯಾರ್ಥಿಗಳು ಅಂಗಿ ಕಳಚಿ ಇಟ್ಟರು. ಕಟ್ಟೆ ಬಿದ್ದಿತು, ಅದರ ಹಿಂದಿನ ಗೋಡೆಯೂ ಬಿದ್ದಿತು. ಶಂಖದ ತುಂಡೊಂದನ್ನು ನಂದಿತಾ ಆರಿಸಿ ತೆಗೆದಿಟ್ಟಳು.

ಟ್ರೇಲರಿನ ಮೇಲೆ ದೋಣಿ ಹತ್ತಿದಾಗ ಇನ್ನೊಂದು ಮಾತು ಎದ್ದಿತು. ಓಣಿ ಇಕ್ಕಟ್ಟಿನದು. ಟ್ರ್ಯಾಕ್ಟರು ಅಲ್ಲಿ ಹೊರಳುವಂತಿಲ್ಲ. ಚಟ್ಟ ಅದನ್ನು ದಾಟಿ ಮುಂದೆ ಹೋಗುವಂತೆಯೂ ಇಲ್ಲ.

"ಹಂಗಾದ್ರ ದೋಣಿನಽ ಮುಂದ ಹೋಗಬೇಕು" ಎಂದರು ಶಮಶೇರಸಾಬರು.

"ಹೆಣದ ಮುಂದ ದೋಣಿ?" ವಿಕ್ರಮ ಹಣೆ ಒರೆಸಿಕೊಂಡ. "ಊರ ಮಂದಿ ಏನಂದಾರು? ನಗತಾರ."

"ಇಷ್ಟು ವರ್ಷ ನಕ್ಕಾರ, ಇವತ್ತೊಂದು ದಿವಸ ನಕ್ಕರ ನಗಲಿ" ಎಂದು ಜಾನಕೀಬಾಯಿ ಶಮಶೇರಸಾಬರ ಕಡೆ ತಿರುಗಿದರು. "ಭಾವಾಜಿ, ನಿಮಗೊಂದು ಕೆಲಸ ಹೇಳ್ತೇನಿ. ನಾ ಹೊಳೀತನಕಾ ಬರೂ ಹಂಗಿಲ್ಲ. ಅವರನ್ನ ಚಿತಿ ಮ್ಯಾಲ ಇಡೂಕ್ಕಿಂತ ಮೊದಲ, ಒಮ್ಮೆ ಇದನ್ನ ನೀರಿಗೆ ಬಿಡ್ರಿ. ಅವರು ಇನ್ನೂ ದಂಡಿ ಮ್ಯಾಲ ಇದ್ದಾಗಽ."

ಶಮಶೇರಸಾಬರು ತಲೆ ತಗ್ಗಿಸಿದರು. "ನೀರು ನೋಡಿಲ್ಲ ವೈನಿ ಇದು. ತೇಪಿ ಹೆಂಗ ಹಿಡಿದಾವೋ. ಮುಳುಗಿದ್ರ?"

"ಮುಳುಗಿದ್ರ ಬಂದು ಮುಳುಗಿತು ಅಂತ ಹೇಳ್ರಿ. ನನ್ನ ಸಮಾಧಾನಕ್ಕಂತ ಸುಳ್ಳು ಹೇಳಬ್ಯಾಡ್ರಿ. ಅಷ್ಟಽ."

ಗೋಡೆ ಬಿದ್ದ ಜಾಗದಿಂದ ಅಣ್ಣಾಜಿ ಮಾಸ್ತರರು ಹೊರಗೆ ಹೋದರು. ಮುಂದೆ ನೀಲಿ, ಹಸಿರು ಬಣ್ಣದ ದೋಣಿ, ಹಿಂದೆ ಗೋವಿಂದ, ಗೋವಿಂದ ಎನ್ನುವ ದನಿ. ಮನೆಗಳಿಂದ ಹೊರಬಂದ ಮಂದಿ ಕಟ್ಟೆಗಳ ಮೇಲೆ ನಿಂತು ನೋಡಿದರು. ನಕ್ಕ ಸಪ್ಪಳ ಜಾನಕೀಬಾಯಿಯ ಕಿವಿಗೆ ಬೀಳಲಿಲ್ಲ.

*

ಎಂಜಿನ್ನು ಮೊದಲ ಸಲ ಹತ್ತಿದ ದಿನ ಜಾನಕೀಬಾಯಿ ಪೂಜೆಗೆ ಕುಳಿತಿದ್ದರು. ಶಮಶೇರಸಾಬರು ಹಳೆಯ ಪಂಪ್‌ಸೆಟ್ಟಿನ ಸಾಮಾನು, ಸ್ಕೂಟರಿನ ಕಾರ್ಬುರೇಟರು ಕೂಡಿಸಿ ಅದಕ್ಕೆ ಜೀವ ತಂದಿದ್ದರು. ನೀರು ತುಂಬಿದ ಡ್ರಮ್ಮಿನೊಳಗೆ ಅದರ ಪಂಖವನ್ನು ಮುಳುಗಿಸಿ ದಾರ ಜಗ್ಗಿದರು. ಮನೆಯೆಲ್ಲ ನಡುಗಿತು. ಡ್ರಮ್ಮಿನ ನೀರು ಮಾಳಿಗೆಯವರೆಗೆ ಹಾರಿತು. ದೇವರ ಕೋಣೆಯ ತುಂಬ ಹೊಗೆ.

"ದೇವರ ಮುಂದ ಹೊಗೀ ತಂದು ಬಿಟ್ರಲ್ಲ!" ಎಂದು ಅವರು ಹೊರಗೆ ಬಂದು ಕೂಗಿದರು.

ತಲೆಯಿಂದ ಕಾಲಿನವರೆಗೆ ತೊಯ್ದ ಮಾಸ್ತರರು ಅಂಗಳದಲ್ಲಿ ನಿಂತಿದ್ದರು. ಕನ್ನಡಕದ ತುಂಬ ಹನಿ. ಆ ಮುಖವನ್ನು ಜಾನಕೀಬಾಯಿ ಮದುವೆಯಾದ ಹೊಸತರಲ್ಲೂ ನೋಡಿರಲಿಲ್ಲ.

"ಧೂಪ ಅಂದ್ಕೋ" ಎಂದಿದ್ದರು ಮಾಸ್ತರರು.

ಜಾನಕೀಬಾಯಿ, ನಗಬಾರದೆಂದು ಒಳಗೆ ಹೋ‌ಗಿ, ಅಡಿಗೆಮನೆಯಲ್ಲಿ ನಿಂತು ನಕ್ಕಿದ್ದರು. ಆ ನಗುವನ್ನು ಗಂಡನಿಗೆ ತೋರಿಸಿರಲಿಲ್ಲ.

*

ಹೆಂಗಸರು ಮನೆಯನ್ನೆಲ್ಲ ತೊಳೆದರು. ಶಮಶೇರಸಾಬರ ಹೆಂಡತಿ ಅಮೀರಬಿ ಬಂದು ಜಾನಕೀಬಾಯಿಯ ಬದಿಗೆ ಕುಳಿತಳು. ಮೈಲವ್ವನ ಮನೆಯಿಂದ ಗಂಜಿ ಬಂದಿತು, ಯಾರೂ ಮುಟ್ಟಲಿಲ್ಲ. ಮಾಸ್ತರರನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟರು.

ಜಾನಕೀಬಾಯಿಯ ಕಣ್ಣು ಓಣಿಯ ಮೇಲೆಯೇ ಇತ್ತು. ಈಗ ಗೋಡೆಯಿರಲಿಲ್ಲ. ಹೋಗುವವರು, ಬರುವವರು ಎಲ್ಲರೂ ಕಾಣುತ್ತಿದ್ದರು.

"ಅವ್ವಾ, ಒಳಗ ಬಾ" ಎಂದಳು ನಂದಿತಾ.

"ಬರ್ತೇನಿ."

"ಮುಳುಗಿದ್ರ ಏನಾತೀಗ? ಅಪ್ಪಗ ಅದು ಗೊತ್ತಾಗಂಗಿಲ್ಲಲ್ಲ."

"ನನಗ ಗೊತ್ತಾಗಬೇಕು" ಎಂದರು ಜಾನಕೀಬಾಯಿ. "ತಡದು ನಿಲ್ಲಿಸಿದ್ದು ಎಂಥಾದ್ದನ್ನ ಅಂತ ನನಗ ಗೊತ್ತಾಗಬೇಕು."

ಬೆಳಕು ಹಳದಿಯಾಗಿ ಇಳಿಯುವ ಹೊತ್ತಿಗೆ ಗಂಡಸರು ಮರಳಿದರು. ಹೊಳೆಯಲ್ಲಿ ಮುಳುಗಿ ಬಂದ ಒದ್ದೆ ಬಟ್ಟೆ. ಒಬ್ಬೊಬ್ಬರಾಗಿ ದೀಪ ನೋಡಿದರು, ಬೇವಿನ ಎಲೆ ಬಾಯಿಗೆ ಹಾಕಿಕೊಂಡರು, ಬರುತ್ತೇನೆ ಎನ್ನದೆ ಹೋದರು. ಹೀಗೆ ಬಂದಾಗ ಹಾಗೆ ಹೇಳಬಾರದು. ವಿಕ್ರಮ ಬಂದು ಕಾಕೂನ ಕಾಲ ಬಳಿ ಕುಳಿತ. ಅವನ ಕಣ್ಣುಗಳು ಕೆಂಪಾಗಿದ್ದವು. ಅವನನ್ನು ಅವರು ಏನೂ ಕೇಳಲಿಲ್ಲ. ಕೇಳಬೇಕಾದವರು ಇನ್ನೂ ಬಂದಿರಲಿಲ್ಲ.

ಶಮಶೇರಸಾಬರು ಎಲ್ಲರಿಗಿಂತ ಹಿಂದೆ, ನಡೆದು ಬಂದರು. ಅವರ ಬಟ್ಟೆ ಎದೆಯ ಕೆಳಗಿನವರೆಗೂ ತೊಯ್ದಿತ್ತು. ತುಳಸಿಕಟ್ಟೆ ಇದ್ದ ಜಾಗಕ್ಕೆ ಬಂದು, ಅದನ್ನು ತುಳಿಯದೆ ಬದಿಗೆ ನಿಂತರು.

"ಹೇಳ್ರಿ ಭಾವಾಜಿ."

"ಆಚಾರ್ರು ಮಾಸ್ತರ ಕಾಲು ಹೊಳಿ ನೀರಾಗ ಅದ್ದಿಸಿದ್ರು. ಅದಽ ಹೊತ್ತಿಗೆ ನಾವು ಕೆಳಗಿನ ಇಳುಕಲಿಗೆ ದೋಣಿ ಬಿಟ್ವಿ." ಅವರು ಉಸಿರು ತೆಗೆದುಕೊಂಡರು. "ಮೊದಲ ಒಂದು ಕಡಿ ವಾಲ್ತು. ಹಿಂದಿನ ಹಲಗಿ ಇದ್ದಲ್ಲಿ ನೀರು ಜಿನುಗಾಕ ಹತ್ತಿತು. ಸುಳ್ಳು ಹೇಳಬ್ಯಾಡ ಅಂದೀರಿ, ಅದಕ್ಕ ಹೇಳಾಕತ್ತೇನಿ. ನಾ ಅಂಗೈ ಒತ್ತಿ ಹಿಡಕೊಂಡು ನಿಂತೆ. ಮುಗೀತು, ಹೋತು ಅಂದ್ಕೊಂಡೆ."

ಜಾನಕೀಬಾಯಿ ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡರು.

"ಆಮ್ಯಾಲ ನೆಟ್ಟಗ ನಿಂತ್ತು, ವೈನಿ. ಕೈ ಬಿಟ್ಟೆ. ತೇಲಿತು."

"ಮುಳುಗಲಿಲ್ಲ?"

"ಮುಳುಗಲಿಲ್ಲ. ಇಷ್ಟೂ ಹೊತ್ತು ಅಲ್ಲೇ ಕುಂತು ನೋಡಿ ಬಂದೇನಿ. ಅಂಬಿಗರ ಗೂಟಕ್ಕ ಕಟ್ಟೇನಿ. ಆ ಕಂಡಕ್ಟರ ಹುಡುಗ ದಂಡಿ ಮ್ಯಾಲ ಕುಂತು ಸಣ್ಣ ಹುಡುಗನಂಗ ಅತ್ತ."

"ಎಂಜಿನ್ ಹಚ್ಚಿದ್ರೇನು?"

ಶಮಶೇರಸಾಬರು ಅಡ್ಡಡ್ಡ ತಲೆಯಾಡಿಸಿದರು. "ಅದರ ದಾರಕ್ಕ ಕೈ ಹಾಕಿದ್ದೆ. ಬಾಜೂಕ ಮಾಸ್ತರ ಮಲಗಿದ್ರಲ್ಲ. ಸಪ್ಪಳ ಯಾಕ ಮಾಡೂದು ಅನ್ನಿಸ್ತು."

ಅವರು ಎರಡೂ ಅಂಗೈ ಮೇಲೆತ್ತಿ, ತುಟಿಯಲ್ಲೇ ಏನನ್ನೋ ಅಂದುಕೊಂಡು, ಆ ಕೈಗಳನ್ನು ಮುಖಕ್ಕೆ ಒರೆಸಿಕೊಂಡು ಮನೆಯ ಕಡೆ ಹೊರಟರು. ಅವರ ಹಿಂದೆ ಅಮೀರಬಿಯೂ ಹೋದಳು.

ಜಾನಕೀಬಾಯಿ ಒಳಗೆ ಬಂದು ದೀಪದ ಮುಂದೆ ಕುಳಿತರು. ಯಾರೋ ತಂಬಿಗೆಯನ್ನು ಸರಿಸಿದ್ದರೇನೋ, ಅದರೊಳಗಿನ ನೀರು ಇನ್ನೂ ಸಣ್ಣಗೆ ಅಲುಗುತ್ತಿತ್ತು. ಅದು ನಿಲ್ಲುವವರೆಗೆ ಅವರು ನೋಡಿದರು. ಆಮೇಲೆ ಕೈಮುಗಿದರು.

"ನಾರಾಯಣಾ, ಇವರು ನಿನ್ನ ಕಡೆ ಬಂದಾರ. ಭಾಳ ಮಾತಾಡೂ ಮನುಷ್ಯಾ ಅಲ್ಲ, ನೀನಽ ಮಾತಾಡಿಸು. ಕೈಯಾಗ ಕೆಲಸಿಲ್ಲದ ಕೂಡ್ಲಿಕ್ಕೆ ಅವರಿಗೆ ಬರಂಗಿಲ್ಲ. ಆದ್ರ ಈಗಽ ಏನೂ ಹಚ್ಚಬ್ಯಾಡ. ಭಾಳ ದಣದಾರ. ಒಂದಿಷ್ಟು ದಿವಸ ನಿನ್ನ ಕಾಲಾಗ ಸುಮ್ಮನ ಮಲಗಲಿ. ಶಾಂತಿ ಕೊಡಪಾ ಅವರಿಗೆ, ಶಾಂತಿ ಕೊಡು."